ಮಿಂಚು ಸಾಲದು

ಹಾಡಿಗೆ ಇನ್ನೊಂದು ಚೂರು ಮಿಂಚು ಬೇಕು ಎಂದು ಅವನಿಗೆ ಅನ್ನಿಸಿತು. ನಿನ್ನೆ ಎದ್ದು ಹೋಗುವಾಗ ಇದೇ ನಾಲ್ಕನೆಯ ಹಾಡು ಉಜ್ಜಿ ತೊಳೆದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಬಂದು ಕೇಳಿದರೆ ಯಾರೋ ಅದರ ಮೇಲೆ ಕಂಬಳಿ ಹೊದಿಸಿ ಹೋದಂತಿದೆ. ಇದು ಮೊದಲ ಸಲವೇನಲ್ಲ. ಹಾಡುಗಳು ಆಗಾಗ ತಾವಾಗಿಯೇ ಮಂಕಾಗುತ್ತವೆ, ಅವನು ಮೇಲಿನ ದನಿಗಳನ್ನು ಏರಿಸುವ ಟ್ರೆಬಲ್ಲಿನ ಗುಂಡಿಯನ್ನು ಕೂದಲೆಳೆಯಷ್ಟು ಮೇಲಕ್ಕೆ ತಿರುಗಿಸಿ ಅವುಗಳಿಗೆ ಮತ್ತೆ ಜೀವ ಬರಿಸುತ್ತಾನೆ, ಕೆಲವು ದಿನ ಕಳೆದರೆ ಮತ್ತೆ ಅದೇ ಮಂಕು. ಮೊದಲು ಅವನು ವೈರುಗಳನ್ನು ಅನುಮಾನಿಸಿದ. ಎಲ್ಲ ಕಿತ್ತು ಹೊಸದು ಹಾಕಿದ. ಆಮೇಲೆ ಸ್ಪೀಕರುಗಳನ್ನು ಅನುಮಾನಿಸಿ ಅವನ್ನು ಮಾರಿ ಇನ್ನೂ ದೊಡ್ಡ ಜೋಡಿ ತಂದ. ಕೋಣೆಗಿಂತ ಸ್ಪೀಕರೇ ದೊಡ್ಡದಾಯಿತು, ಮೂಗಿಗಿಂತ ಮೂಗುತಿ ಭಾರ ಅಂದಳು ಹೆಂಡತಿ. ಆಮೇಲೆ ಮೋಡದ ಹವೆಯನ್ನು, ಗೋಡೆಯ ತೇವವನ್ನು, ಮನೆಗೆ ಬರುವ ಕರೆಂಟನ್ನು, ಕಡೆಗೆ ಅಡುಗೆಮನೆಯ ಫ್ರಿಜ್ಜನ್ನೂ ಒಂದೊಂದಾಗಿ ಕಟಕಟೆ ಹತ್ತಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಅವನು ಬೇರೆಯವರ ಮೇಲೆ ಧಾರಾಳವಾಗಿ ಉಪಯೋಗಿಸುತ್ತಿದ್ದ. ತನ್ನ ಮೇಲೆ ಉಪಯೋಗಿಸಿಕೊಳ್ಳುವ ಸಂದರ್ಭ ಮಾತ್ರ ಅವನ ಆಯುಷ್ಯದಲ್ಲಿ ಬಂದಿರಲಿಲ್ಲ. ಹಾಡಿ, ಬಾರಿಸಿ, ಎಲ್ಲವನ್ನೂ ಒಂದುಗೂಡಿಸಿದ ಮೇಲೆ, ನಾಲ್ಕು ಜನರ ಕಿವಿಗೆ ಬೀಳುವ ಮುನ್ನ ಹಾಡಿಗೆ ಮಾಡುವ ಕೊನೆಯ ತಿದ್ದುಪಡಿಗೆ ಮಾಸ್ಟರಿಂಗ್ ಎನ್ನುತ್ತಾರೆ. ಹೊಲಿದು ಮುಗಿದ ಅಂಗಿಗೆ ಇಸ್ತ್ರಿ ಹಾಕಿದ ಹಾಗೆ. ಉಳಿದವರು ಅದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಎದ್ದು ಹೋಗುತ್ತಾರಂತೆ. ಅವನು ಎರಡು ವರ್ಷದಿಂದ ತನ್ನ ಒಂಬತ್ತು ಹಾಡುಗಳೆಂಬ ಅದೇ ಅಂಗಿಗಳಿಗೆ ಇಸ್ತ್ರಿ ಹಾಕುತ್ತಲೇ ಇದ್ದ, ಮತ್ತು ಸುಟ್ಟ ವಾಸನೆ ಮನೆಯವರಿಗೆಲ್ಲ ಬಂದಿತ್ತು, ಅವನೊಬ್ಬನನ್ನು ಬಿಟ್ಟು.

ಅವನು ಕೂತಿದ್ದ ಕೋಣೆ ಮೊದಲು ಸಾಮಾನು ಕೋಣೆಯಾಗಿತ್ತು. ಹಳೆಯ ಸೂಟ್‌ಕೇಸುಗಳು, ಮಗಳ ಮುರಿದ ಸೈಕಲ್ಲು, ಯಾರೂ ಮಲಗದ ಹಾಸಿಗೆಗಳು ಇದ್ದವು. ಈಗ ಹಾಸಿಗೆಗಳು ಮಾತ್ರ ಉಳಿದು ಗೋಡೆ ಹತ್ತಿವೆ, ಸದ್ದು ಹೊರಗೆ ಹೋಗದಿರಲಿ ಎಂದು. ಮೇಜಿನ ಮೇಲೆ ಕಂಪ್ಯೂಟರು, ಅದರ ಪರದೆಯ ಬಲಗಡೆ ಅರ್ಧಕ್ಕೆ ಅವನು ಒಂದು ರಟ್ಟು ಅಂಟಿಸಿದ್ದ. ಆ ರಟ್ಟಿನ ಹಿಂದೆ ಹಾಡಿನ ನಕ್ಷೆ ಕಾಣುತ್ತದೆ. ಎಡಗಡೆ ಕೆಳಗಿನ ದನಿಗಳು, ಬಲಗಡೆ ಮೇಲಿನ ದನಿಗಳು, ಯಾವುದು ಎಷ್ಟಿದೆ ಎಂದು ತೋರಿಸುವ ಒಂದು ಹಸಿರು ಗೆರೆ. ಕೆಲವು ತಿಂಗಳ ಹಿಂದೆ ಆ ಗೆರೆ ಬಲತುದಿಯಲ್ಲಿ ಗೋಡೆ ಹತ್ತುವ ಬೆಕ್ಕಿನ ಹಾಗೆ ನೆಟ್ಟಗೆ ನಿಲ್ಲತೊಡಗಿತ್ತು. ಅವನಿಗೆ ಸಿಟ್ಟು ಬಂತು. ಸಂಗೀತವನ್ನು ಕಿವಿಯಿಂದ ಕೇಳಬೇಕೇ ಹೊರತು ಕಣ್ಣಿಂದಲ್ಲ ಎಂದು ಗಟ್ಟಿಯಾಗಿಯೇ ಹೇಳಿ, ಹೊಸ ಅಂಗಿಯೊಳಗೆ ಬಂದ ರಟ್ಟನ್ನು ಕತ್ತರಿಸಿ ಅಂಟಿಸಿದ. ಕಿವಿಯ ವಿಷಯದಲ್ಲಿ ಅವನಿಗೆ ಯಾರ ಸರ್ಟಿಫಿಕೇಟೂ ಬೇಕಿರಲಿಲ್ಲ. ಚಿಕ್ಕವನಿದ್ದಾಗ ಪಾಠ ಹೇಳಿಕೊಟ್ಟ ಸಂಗೀತದ ಮೇಷ್ಟ್ರು ಒಂದು ದಿನ ಇಡೀ ಗುಂಪನ್ನು ಹಾಡಿಸಿ, ಎಲ್ಲಿ ತಪ್ಪಿತು ಹೇಳಿ ಅಂದಾಗ ಇವನೊಬ್ಬನೇ ಸರಿಯಾಗಿ ಹೇಳಿದ್ದ. ಮೇಷ್ಟ್ರು ಕಿವಿ ಹಿಂಡಿ, "ಈ ಕಿವಿ ಸುಳ್ಳು ಹೇಳಲ್ಲ ಕಣ್ರೋ" ಅಂದಿದ್ದರು. ಆ ಒಂದು ಮಾತಿನ ಮೇಲೆ ಅವನು ಇಷ್ಟು ವರ್ಷ ಬದುಕಿದ್ದ. ಮದುವೆಯಾದ, ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾದ, ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತಿದ, ತಲೆ ಬೋಳಾಯಿತು, ಆದರೆ ಒಳಗೊಳಗೆ ಅವನು ಇನ್ಸ್‌ಪೆಕ್ಟರನಲ್ಲ, ಕಿವಿ. ಈ ಒಂಬತ್ತು ಹಾಡುಗಳು ಅದಕ್ಕೆ ಸಾಕ್ಷಿ. ಇವನ್ನು ಬಿಟ್ಟರೆ ಅವನ ಲೆಕ್ಕಕ್ಕೆ ಇರುವುದು ಊರ ತುಂಬ ಮುದ್ರೆ ಬಿದ್ದ ತಕ್ಕಡಿಗಳು ಮಾತ್ರ. ನಾಳೆ ಹಾಡುಗಳನ್ನು ಇಂಟರ್‌ನೆಟ್ಟಿಗೆ ಹಾಕುವುದು ಎಂದು ಇಡೀ ಆಫೀಸಿಗೆ ಹೇಳಿಯಾಗಿತ್ತು. ಅದಕ್ಕೇ ಇವತ್ತು ಬೆಳಕು ಹರಿಯುತ್ತಲೇ ಬಂದು ಕೂತಿದ್ದ. ಹಾಕಿದ ಮೇಲೆ ತೆಗೆಯುವುದು ಕಷ್ಟ ಎಂದಲ್ಲ. ಹಾಕಿದ ಮೇಲೆ ತಾನು ಇಂಥವನು ಎಂದು ತೀರ್ಮಾನವಾಗಿಬಿಡುತ್ತದಲ್ಲ ಎಂಬುದೇ ಅವನ ಹೆದರಿಕೆ.

ಗುಂಡಿ ತಿರುಗಿಸಿದ. ಹಾಡು ಕಂಬಳಿ ಸರಿಸಿ ಎದ್ದು ಕೂತಿತು. ಆಹಾ ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ನಾಯಿ ಊಳಿಡಲು ಶುರುಮಾಡಿತು. ಹಿಂದೆಲ್ಲ ಅದು ಹೀಗೆ ಮಾಡುತ್ತಿರಲಿಲ್ಲ. ಈ ವರ್ಷ ಶುರುವಾಗಿದೆ. ಯಾವ ಹಾಡು ಹಾಕಿದರೂ ಸರಿ, ಕತ್ತು ಮೇಲೆತ್ತಿ, ಸತ್ತವರ ಮನೆಯ ಮುಂದೆ ನಿಂತಂತೆ ಊಳಿಡುತ್ತದೆ. ಸಂಗೀತ ಗೊತ್ತಿಲ್ಲದ ಪ್ರಾಣಿ ಎಂದು ಅವನು ಅದನ್ನು ಕ್ಷಮಿಸಿದ್ದ. ಮನೆಯವರನ್ನು ಕ್ಷಮಿಸುವುದೇ ಕಷ್ಟವಾಗುತ್ತಿತ್ತು. ಮಗಳು ಹಾಡು ಶುರುವಾದ ಕೂಡಲೇ ಓದಲು ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ. ಹೆಂಡತಿ ಒಂದು ದಿನ, "ಏನೋಪ್ಪ, ಎಲ್ಲಾ ಪದಾನೂ ಸ್ಸ ಸ್ಸ ಸ್ಸ ಅಂತ ಕೇಳ್ಸುತ್ತೆ, ಹಾವು ಬಂದಂಗೆ" ಅಂದಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಮನಸ್ಸಿನಲ್ಲೇ ಅಂದುಕೊಳ್ಳಲು ಕಾರಣವಿತ್ತು. ಏಳನೆಯ ಹಾಡಿಗೆ ಹಿನ್ನೆಲೆಯ ದನಿ ಕೊಟ್ಟವಳು ಅವಳೇ. ಸ್ನಾನ ಮಾಡುವಾಗ, ಬಟ್ಟೆ ಮಡಿಸುವಾಗ ಗುನುಗುತ್ತಿದ್ದವಳನ್ನು ಅವನೇ ಕರೆದು ಈ ಹಾಸಿಗೆಗಳ ನಡುವೆ ನಿಲ್ಲಿಸಿದ್ದ. ಎರಡೇ ಸಾಲು. ಅದನ್ನು ಅವಳು ಮತ್ತೆ ಮತ್ತೆ ಹಾಡಿದಳು, ಅವನು ಮತ್ತೆ ಮತ್ತೆ ಸರಿಬರಲಿಲ್ಲವೆಂದು ತಲೆಯಾಡಿಸಿದ. ಕಡೆಗೆ ಹೆಡ್‌ಫೋನು ತೆಗೆದು ಮೇಜಿನ ಮೇಲೆ ಕುಕ್ಕಿ, "ನೀನು ಮಸುಕು ಮಸುಕಾಗಿ ಹಾಡ್ತಿರೋದು ನಿನ್ನ ಕಿವಿಗೇ ಬೀಳ್ತಿಲ್ವಾ? ಕಿವಿ ಇದೆಯೋ ಇಲ್ವೋ?" ಅಂದ. ಅವಳು ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ ಎಂದು ಅವನಿಗೆ ಆಮೇಲೆ ತಿಳಿಯಿತು. ಅವತ್ತಿನಿಂದ ಅವಳು ಬಟ್ಟೆ ಮಡಿಸುವಾಗ ಸುಮ್ಮನೆ ಮಡಿಸುತ್ತಾಳೆ. ಮನೆ ನಿಶ್ಶಬ್ದವಾಗಿದ್ದು ಮಾಸ್ಟರಿಂಗಿಗೆ ಅನುಕೂಲವಾಯಿತು ಎಂದು ಅವನು ಒಂದೆರಡು ದಿನ ಸಂತೋಷಪಟ್ಟಿದ್ದ ಕೂಡ. ಆ ಸಂತೋಷ ನೆನಪಾದಾಗೆಲ್ಲ ಅವನಿಗೆ ನಾಚಿಕೆಯಾಗುತ್ತದೆ, ನಾಚಿಕೆಯಾದಾಗೆಲ್ಲ ಅವನು ಗುಂಡಿ ತಿರುಗಿಸುತ್ತಾನೆ.

ತಿಂಡಿಗೆ ಕೂತಾಗ ಮಗಳು ಫೋನು ಹಿಡಿದುಕೊಂಡು ಎದುರಿಗೆ ಬಂದಳು. ಅವಳ ಮುಖದಲ್ಲಿ ತುಂಟತನವೂ ಇತ್ತು, ಅದರ ಹಿಂದೆ ಇನ್ನೇನೋ ಇತ್ತು. ಅವನು ಅದನ್ನು ಗಮನಿಸಲಿಲ್ಲ.

"ಅಪ್ಪಾ, ಒಂದು ತಮಾಷೆ. ನಮ್ಮ ಕ್ಲಾಸಲ್ಲಿ ಎಲ್ರೂ ಇದನ್ನೇ ರಿಂಗ್‌ಟೋನ್ ಇಟ್ಕೊಂಡಿದಾರೆ. ಪಾಠ ನಡೀತಿರುವಾಗ್ಲೇ ಹೊಡ್ಕೊಳ್ಳುತ್ತೆ, ಟೀಚರಿಗೆ ಕೇಳ್ಸೋದೇ ಇಲ್ಲ. ಅವರು ಪಾಪ ಬೋರ್ಡ್ ಮೇಲೆ ಬರೀತಾನೇ ಇರ್ತಾರೆ, ನಾವೆಲ್ಲ ನಗ್ತಿರ್ತೀವಿ."

"ಅದು ಹೇಗೆ ಕೇಳಿಸಲ್ಲ?"

"ತುಂಬಾ ಮೇಲಿನ ದನಿ. ವಯಸ್ಸಾದೋರಿಗೆ ಕೇಳಲ್ವಂತೆ."

"ಟೀಚರುಗಳಿಗೆ ಕಿವಿ ಎಲ್ಲಿರುತ್ತೆ" ಎಂದು ಅವನು ನಕ್ಕ. "ಹಾಕು, ನೋಡೋಣ."

ಅವಳು ಪರದೆಯನ್ನು ಮುಟ್ಟಿದಳು. ಅವನು ತುತ್ತು ಕೈಯಲ್ಲಿ ಹಿಡಿದು, ತಲೆ ಒಂದು ಕಡೆಗೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ಕಾದ. ಹಾಡು ಕೇಳುವಾಗ ಅವನು ಹಾಗೆಯೇ ಕೂರುವುದು; ಹಾಗೆ ಕೂತ ತನ್ನ ಒಂದು ಫೋಟೋ ತೆಗೆಸಿಯೂ ಇಟ್ಟಿದ್ದ, ಹಾಡುಗಳ ಜೊತೆ ಹಾಕಲೆಂದು.

"ಹಾಕೇ ಮಗಳೇ, ಎಷ್ಟೊತ್ತು?"

"ಹಾಕಿದೀನಿ ಅಪ್ಪ."

"ಎಲ್ಲಿ? ವಾಲ್ಯೂಮ್ ಕೊಟ್ಟಿದೀಯಾ?"

"ಫುಲ್ ಇದೆ."

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಅಂಗೈಯಿಂದ ಒಂದು ಕಿವಿ ಮುಚ್ಚಿಕೊಂಡು ಬಂದಳು. "ಏಯ್, ನಿಲ್ಸೇ ಅದನ್ನ. ಸಣ್ಣಗೆ ತಲೆಯೊಳಗೆ ಸೂಜಿ ಆಡಿಸ್ದಂಗಾಗುತ್ತೆ." ಪಕ್ಕದ ಮನೆಯ ನಾಯಿ ಊಳಿಟ್ಟಿತು. ಅವನು ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಇಬ್ಬರೂ ಸೇರಿ ತನ್ನ ಕಾಲೆಳೆಯುತ್ತಿದ್ದಾರೆ ಎಂದು ಒಂದು ಗಳಿಗೆ ಅನ್ನಿಸಿ ಸಮಾಧಾನವಾಯಿತು. ಆದರೆ ನಾಯಿಯನ್ನು ಯಾರೂ ಈ ತಮಾಷೆಗೆ ಸೇರಿಸಿಕೊಂಡಿರಲು ಸಾಧ್ಯವಿರಲಿಲ್ಲ. ಮಗಳು ಫೋನಿನ ದನಿಯನ್ನು ಒಂದು ಸ್ವರ ಕೆಳಗಿಳಿಸಿ, "ಇದು?" ಅಂದಳು. ಇನ್ನೂ ಇಳಿಸಿ, "ಇದು?" ಅಂದಳು. ಅವನು ಪ್ರತಿ ಸಲವೂ ತಡಿ ತಡಿ ಎಂದು ಕೈ ಎತ್ತುತ್ತಿದ್ದ, ಬಸ್ಸು ಬಂತೇ ಎಂದು ರಸ್ತೆಯ ತಿರುವನ್ನೇ ನೋಡುವವನಂತೆ. ಕಡೆಗೊಮ್ಮೆ ಸಣ್ಣ ಸಿಳ್ಳೆಯೊಂದು ಎಲ್ಲಿಂದಲೋ ಬಂತು. "ಹಾಂ! ಈಗ ಬಂತು ನೋಡು!" ಎಂದು ಗೆದ್ದವನಂತೆ ಹೇಳಿದ. ಮಗಳು ತಾಯಿಯ ಕಡೆ ನೋಡಿದಳು. ತಾಯಿ ನೀರಿನ ಲೋಟದ ಕಡೆ ನೋಡಿದಳು.

"ಅದು ಟೀಚರಿಗೂ ಕೇಳ್ಸುತ್ತೆ ಅಪ್ಪ" ಅಂದಳು ಮಗಳು ಮೆಲ್ಲಗೆ.

"ಫೋನಿನ ಸ್ಪೀಕರು ಸರಿಯಿಲ್ಲ ನಿಂದು. ಮತ್ತೆ, ಅಂಥ ದನಿಯೆಲ್ಲ ಸಂಗೀತದಲ್ಲಿ ಬರೋದೇ ಇಲ್ಲ."

"ನಿನ್ನ ಹಾಡಲ್ಲಿ ಈಗ ಬರೋದು ಅದೊಂದೇ."

ಅವಳು ಹಾಗೆ ಹೇಳಿ ತಾನೇ ಗಾಬರಿಯಾಗಿ ತುಟಿ ಕಚ್ಚಿಕೊಂಡಳು. ಅವನಿಗೆ ಸಿಟ್ಟು ಬರಬೇಕಿತ್ತು, ಅದಕ್ಕಾಗಿ ಕಾದ, ಅದೂ ಬರಲಿಲ್ಲ. ಹೆಂಡತಿ ತಟ್ಟೆ ಎತ್ತಿಕೊಳ್ಳುತ್ತ, ಹವೆಯ ಬಗ್ಗೆ ಮಾತಾಡುವವಳಂತೆ ಹೇಳಿದಳು: "ಸಂಜೆ ನಾಲ್ಕಕ್ಕೆ ಕಿವಿ ಡಾಕ್ಟರ ಹತ್ರ ಟೈಮ್ ತಗೊಂಡಿದೀನಿ. ನಾನು ನೇರ ಅಲ್ಲಿಗೇ ಬರ್ತೀನಿ."

"ಯಾರಿಗೆ?"

"ನನಗೆ ಅಂತೂ ಅಲ್ಲ."

"ಇವತ್ತು ಬೆಳಿಗ್ಗೆ ಈ ತಮಾಷೆ ಆಯ್ತು, ಅಷ್ಟರಲ್ಲಿ ಯಾವಾಗ ತಗೊಂಡೆ ಟೈಮು?"

"ಹದಿನೈದು ದಿನ ಆಯ್ತು. ಮೊದ್ಲೇ ಹೇಳಿದ್ರೆ ನೀವು ಬರ್ತಿದ್ರಾ?"

ಅಂದರೆ ಹದಿನೈದು ದಿನದಿಂದ ಈ ಮನೆಯಲ್ಲಿ ಅವನ ಬೆನ್ನ ಹಿಂದೆ ಅವನ ಕಿವಿಯ ಬಗ್ಗೆ ಮಾತು ನಡೆದಿದೆ. ಬೆನ್ನ ಹಿಂದೆ ಯಾಕೆ, ಎದುರಿಗೇ ನಡೆದಿರಬಹುದು, ಮೆಲ್ಲಗೆ ಮಾತಾಡಿದರೆ ಸಾಕಲ್ಲ. ಇಲಾಖೆಯ ಜೀಪಿನಲ್ಲಿ ಕೂತಾಗ ಈ ಯೋಚನೆ ಬಂದು ಅವನ ಮೈ ಬಿಸಿಯಾಯಿತು. ಜೀಪಿನ ಡ್ರೈವರು ನಂಬಿಕಸ್ಥ. ತನ್ನ ಹಾಡುಗಳನ್ನು ಜೀಪಿನಲ್ಲಿ ಹಾಕಿ ಹೇಗೆ ಕೇಳಿಸುತ್ತದೆ ಎಂದು ಪರೀಕ್ಷಿಸುವುದು ಮಾಸ್ಟರಿಂಗಿನ ಒಂದು ಭಾಗ, ಎಲ್ಲರೂ ಹಾಗೆ ಮಾಡುತ್ತಾರೆ. ಹೋದ ತಿಂಗಳೆಲ್ಲ ಡ್ರೈವರು ತುಟಿ ಪಿಟಕ್ಕೆನ್ನದೆ ಕೇಳಿದ್ದ. ಇವತ್ತು ಅವನು ಡ್ರೈವರನ್ನು, "ನಿಜ ಹೇಳಪ್ಪ, ನನ್ನ ಹಾಡು ಹೇಗಿದೆ?" ಎಂದು ಕೇಳಿದ.

"ಚೆನ್ನಾಗಿದೆ ಸಾರ್."

"ನನ್ನ ಮೇಲಾಣೆ. ನಿಜ ಹೇಳು."

ಡ್ರೈವರು ಗೇರು ಬದಲಿಸಿದ. "ಸಾರ್, ತಪ್ಪು ತಿಳ್ಕೋಬೇಡಿ. ಮೊದಲ್ನೇ ದಿನ ನೀವು ಹಾಕಿದಾಗ ಬ್ರೇಕ್ ಕಿರುಗುಟ್ತಿದೆ ಅನ್ಕೊಂಡೆ. ಗ್ಯಾರೇಜಿಗೆ ಬಿಟ್ಟೆ. ಅವರು ಎಲ್ಲಾ ಬಿಚ್ಚಿ ನೋಡಿ ಬ್ರೇಕ್ ಸರಿಯಾಗೇ ಇದೆ ಅಂದ್ರು. ಎರಡನೇ ದಿನ ಗೊತ್ತಾಯ್ತು, ಹಾಡು ಅಂತ." ಸ್ವಲ್ಪ ದೂರ ಹೋದ ಮೇಲೆ ಅವನೇ ಮತ್ತೆ, "ಆದ್ರೂ ಸಾಹಿತ್ಯ ಚೆನ್ನಾಗಿದೆ ಸಾರ್" ಎಂದು ಸೇರಿಸಿದ. ಇವನು ಕಿಟಕಿಯಾಚೆ ನೋಡುತ್ತ ಕೂತ. ಒಬ್ಬ ಹೆಂಗಸು ಮಗುವನ್ನು ಕರೆಯುತ್ತಿದ್ದಳು, ಮಗು ತಿರುಗಿ ನೋಡಿತು. ಇಬ್ಬರು ಒಂದು ಅಂಗಡಿಯ ಮುಂದೆ ನಿಂತು ನಗುತ್ತಿದ್ದರು. ಎಲ್ಲವೂ ಇಷ್ಟು ದಿನ ಹೇಗಿತ್ತೋ ಹಾಗೆಯೇ ಕೇಳಿಸುತ್ತಿದೆ, ಅಥವಾ ಇಷ್ಟು ದಿನವೂ ಹೀಗೇ ಅರ್ಧಂಬರ್ಧ ಕೇಳಿಸುತ್ತಿತ್ತೇ? ಎಲೆಗಳು ಅಲ್ಲಾಡುತ್ತಿದ್ದವು. ಎಲೆಗೆ ಸದ್ದಿರುತ್ತದೆ ಎಂಬುದು ಅವನಿಗೆ ನೆನಪಿತ್ತು. ಆ ಸದ್ದನ್ನು ಕೊನೆಗೆ ಕೇಳಿದ್ದು ಯಾವಾಗ ಎಂಬುದು ನೆನಪಿರಲಿಲ್ಲ. ಆಫೀಸಿನವರಿಗೆಲ್ಲ ನಾಲ್ಕನೆಯ ಹಾಡನ್ನು ಫೋನಿನಲ್ಲಿ ಕಳಿಸಿದ್ದಾಗ ಕ್ಯಾಷಿಯರಮ್ಮ 'ಸೂಪರ್ ಸಾರ್, ಕಣ್ಣಲ್ಲಿ ನೀರು ಬಂತು' ಎಂದು ಉತ್ತರ ಬರೆದಿದ್ದರು. ಆ ಉತ್ತರ ಹಾಡು ಮುಗಿಯುವಷ್ಟು ಹೊತ್ತೂ ಆಗದೆ ಬಂದಿತ್ತು. ಅಷ್ಟು ಬೇಗ ಕಣ್ಣೀರು ಬರಿಸಿದೆನಲ್ಲ ಎಂದು ಅವನು ಆಗ ಹಿಗ್ಗಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ಅದು ಸರಿ; ಆದರೆ ಹೆಗ್ಗಣದ ಕಿರುಚಾಟ ಊರಿಗೆಲ್ಲ ಕೇಳಿ ಹೆತ್ತವನಿಗೆ ಮಾತ್ರ ಕೇಳದಿದ್ದರೆ ಅದಕ್ಕೆ ಯಾವ ಗಾದೆಯಿದೆ?

ದಿನಸಿ ಅಂಗಡಿಯ ಮುಂದೆ ಜೀಪು ನಿಂತಾಗ ಅವನು ಮತ್ತೆ ಇನ್ಸ್‌ಪೆಕ್ಟರಾದ. ಇಲಾಖೆಯ ಮಾದರಿ ತೂಕಗಳ ಪೆಟ್ಟಿಗೆಯನ್ನು ಡ್ರೈವರು ಕೆಳಗಿಳಿಸಿದ. ಒಳಗೆ ಕೆಂಪು ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು. ಅಂಗಡಿಯವರು ವಯಸ್ಸಾದವರು, ಗಿರಾಕಿಗಳ ಜೊತೆ ನಗುತ್ತ ಮಾತಾಡುವವರು; ಇನ್ಸ್‌ಪೆಕ್ಟರನ್ನು ನೋಡಿದ್ದೇ ಎದ್ದು ನಿಂತು ಕುರ್ಚಿ ಒರೆಸಿದರು. "ನೋಡಿ ಸ್ವಾಮಿ, ಧಾರಾಳವಾಗಿ ನೋಡಿ. ಮೋಸ ಮಾಡೋನಲ್ಲ ನಾನು. ದಿನಾ ಕೂತು ತೂಗೋ ಕೈ ಇದು, ತಕ್ಕಡಿ ಒಂದು ಕಾಳು ಆಚೀಚೆ ಆದ್ರೆ ನನಗೆ ಗೊತ್ತಾಗಲ್ವಾ?" ಎಂದರು. ಈ ಮಾತನ್ನು ಅವನು ಪ್ರತಿ ಅಂಗಡಿಯಲ್ಲೂ ಕೇಳಿದ್ದ. ಕೇಳಿ ಮೀಸೆಯೊಳಗೇ ನಕ್ಕಿದ್ದ. ಇವತ್ತು ನಗು ಬರಲಿಲ್ಲ. ಒಂದು ಕಡೆ ಮಾದರಿ ತೂಕ, ಇನ್ನೊಂದು ಕಡೆ ಅಂಗಡಿಯ ತೂಕದ ಕಲ್ಲು ಇಟ್ಟ. ಅಂಗಡಿಯ ಕಲ್ಲು ಇದ್ದ ಕಡೆ ತಕ್ಕಡಿ ಕೆಳಗಿಳಿಯಿತು. ಕಲ್ಲು ಅದಲು ಬದಲು ಮಾಡಿಟ್ಟ. ಮತ್ತೆ ಅಂಗಡಿಯ ಕಲ್ಲೇ ಕೆಳಗಿಳಿಯಿತು. ಯಾವಾಗಲೋ ಕಲ್ಲಿನ ತಳದ ಗುಳಿಯಲ್ಲಿ ಬೆಲ್ಲದ ಜಿಗುಟು, ಎಣ್ಣೆ, ಧೂಳು ಸೇರಿ ಕಟ್ಟಿಕೊಂಡು ಗಟ್ಟಿಯಾಗಿ ಕಲ್ಲಿಗಿಂತ ಕಲ್ಲಾಗಿತ್ತು. "ನಿಮ್ಮ ಕಲ್ಲು ಭಾರ ಇದೆ. ನೀವು ಎಲ್ಲರಿಗೂ ಜಾಸ್ತಿ ಕೊಡ್ತಾ ಬಂದಿದೀರಿ" ಎಂದ. ಅಂಗಡಿಯವರು ಮೊದಲು ನಂಬಲಿಲ್ಲ, ಇಲಾಖೆಯ ತೂಕದ ಮೇಲೇ ಅನುಮಾನಪಟ್ಟರು, ನಿಮ್ಮದು ಸವೆದಿದೆಯೇನೋ ಎಂದರು. ನಮ್ಮದನ್ನೂ ವರ್ಷಕ್ಕೊಮ್ಮೆ ಮೇಲಿನ ಕಚೇರಿಯಲ್ಲಿ ತೂಗಿ ನೋಡ್ತಾರೆ ಎಂದು ಅವನು ಹೇಳಿದ, ಎಂದಿನಂತೆ, ಬಾಯಿಪಾಠವಾದ ಮಾತು. ಹೇಳಿ ಮುಗಿಸಿದ ಮೇಲೆ ಅವನ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು, ಅಲ್ಲಿ ಏನೂ ಕೆಲಸವಿಲ್ಲದೆ ತಲೆ ಕೆರೆದುಕೊಂಡಿತು. ಅಂಗಡಿಯವರು ನಿಧಾನವಾಗಿ ಕೂತರು. "ಅದಕ್ಕೇನಾ ಎಲ್ರೂ ಆ ದೊಡ್ಡ ಅಂಗಡಿ ಬಿಟ್ಟು ಇಲ್ಲಿಗೇ ಬರ್ತಿದ್ದಿದ್ದು? ನಾನು ಮಾತಾಡಿಸೋ ರೀತಿ ಚೆನ್ನಾಗಿದೆ, ಅದಕ್ಕೆ ಬರ್ತಾರೆ ಅನ್ಕೊಂಡಿದ್ದೆ." ಒಬ್ಬರಾದರೂ ಹೇಳಬಾರದಿತ್ತೇ ಎಂದು ಅವರು ಕಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವನಿಗೆ ಅವರ ಭುಜ ಮುಟ್ಟಬೇಕು ಅನ್ನಿಸಿತು. ಇನ್ಸ್‌ಪೆಕ್ಟರು ಅಂಗಡಿಯವರ ಭುಜ ಮುಟ್ಟುವ ಪದ್ಧತಿ ಇಲಾಖೆಯಲ್ಲಿಲ್ಲ. ಕಲ್ಲು ತೊಳೆಸಿ ಸರಿಮಾಡಿಸಿ ತನ್ನಿ ಎಂದು ಹೇಳಿ ಜೀಪು ಹತ್ತಿದ.

ನಾಲ್ಕು ಗಂಟೆಗೆ ಹೋಗಬಾರದೆಂದು ಅವನು ನಿರ್ಧರಿಸಿದ್ದ. ಆದ್ದರಿಂದ ನಾಲ್ಕಕ್ಕೆ ಮೊದಲೇ ಬಂದು ಕ್ಲಿನಿಕ್ಕಿನ ಎದುರು ಫುಟ್‌ಪಾತಿನಲ್ಲಿ ನಿಂತಿದ್ದ, ಯಾರಾದರೂ ಪರಿಚಯದವರು ನೋಡುತ್ತಾರೋ ಎಂದು ಹೆದರುತ್ತ. ಹೆಂಡತಿ ಬಂದಳು, ಯಾಕೆ ಇಲ್ಲಿ ನಿಂತಿದ್ದೀರಿ ಎಂದು ಕೇಳಲಿಲ್ಲ, ಒಟ್ಟಿಗೆ ಒಳಗೆ ಹೋದರು. ಹೊರಗಿನ ಕೋಣೆಯ ಬೆಂಚುಗಳಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಿದ್ದರು. ಒಬ್ಬ ಮುದುಕರು ತಮ್ಮ ಮಗನ ಸಂಸಾರದ ಗುಟ್ಟುಗಳನ್ನೆಲ್ಲ ಇಡೀ ಕೋಣೆಗೆ ಕೇಳುವಂತೆ ಹೇಳುತ್ತಿದ್ದರು, ಪಕ್ಕದಲ್ಲಿ ಮಗ ನೆಲ ನೋಡುತ್ತ ಕೂತಿದ್ದ. ಇವರ ಸಾಲಿನಲ್ಲಿ ತಾನು! ಅವನು ಬೆನ್ನು ನೆಟ್ಟಗೆ ಮಾಡಿ, ಒಂದು ಕಾಲ ಮೇಲೆ ಇನ್ನೊಂದು ಕಾಲು ಹಾಕಿ, ಯಾರನ್ನೋ ಕರೆದುಕೊಂಡು ಬಂದವನಂತೆ ಕೂತ. ಕೌಂಟರಿನ ಹುಡುಗಿ, "ಪೇಷೆಂಟ್ ಯಾರು?" ಎಂದು ಕೇಳಿದಳು. ಅವನು ಯೋಚಿಸುವ ಮುಂಚೆಯೇ ಅವನ ಕೈ ಹೆಂಡತಿಯ ಕಡೆ ತೋರಿಸಿತು. "ಇವರು" ಎಂದೂ ಅಂದ. ಹೆಂಡತಿ ಅವನನ್ನು ಒಂದು ಗಳಿಗೆ ನೋಡಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಇಷ್ಟು ವರ್ಷ ಇದನ್ನೇ ನೋಡಿಕೊಂಡು ಬಂದಿದ್ದೇನೆ ಎನ್ನುವಂತಿತ್ತು. "ನಾನಲ್ಲಮ್ಮ, ಇವರು" ಎಂದಳು. ಕಿವಿ ಇದೆಯೋ ಇಲ್ವೋ ಎಂದು ತಾನು ಕುಕ್ಕಿದ ಹೆಡ್‌ಫೋನಿನ ಸದ್ದು ಅವನಿಗೆ ಆಗ ಕೇಳಿಸಿತು, ಅದು ಮಾತ್ರ ಸ್ಪಷ್ಟವಾಗಿ. ಮಸುಕಾಗಿ ಹಾಡಿದ್ದು ಅವಳಲ್ಲ. ಅವಳು ಸರಿಯಾಗಿಯೇ ಹಾಡಿದ್ದಳು, ಬಹುಶಃ ತುಂಬ ಚೆನ್ನಾಗಿ ಹಾಡಿದ್ದಳು, ಆ ಚೆನ್ನಾಗಿರುವುದರ ಮೇಲ್ಭಾಗ ತನ್ನವರೆಗೆ ಬಂದಿರಲಿಲ್ಲ. ಕ್ಷಮಿಸು ಅನ್ನಬೇಕು. ಇಲ್ಲೇ, ಈ ಬೆಂಚಿನ ಮೇಲೇ ಅನ್ನಬೇಕು. ಆದರೆ ಇಲ್ಲಿ ಮೆಲ್ಲಗೆ ಅಂದರೆ ಯಾರಿಗೂ ಕೇಳುವುದಿಲ್ಲ, ಗಟ್ಟಿಯಾಗಿ ಅಂದರೆ ಎಲ್ಲರಿಗೂ ಕೇಳುತ್ತದೆ. ಪರೀಕ್ಷೆಯ ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಅವನು ಕ್ಷಮೆಯನ್ನು ಮುಂದೂಡಿದ. ಒಂದು ವೇಳೆ ಕಿವಿ ಸರಿಯಾಗಿಯೇ ಇದ್ದರೆ ಸುಮ್ಮಸುಮ್ಮನೆ ಕ್ಷಮೆ ಕೇಳಿದಂತಾಗುತ್ತದಲ್ಲ.

ಬಿಳಿ ಕೋಟಿನ ಒಬ್ಬ ಹುಡುಗಿ ಬಂದು ಅವನನ್ನು ಒಳಗೆ ಕರೆದೊಯ್ದಳು. ದಪ್ಪ ಬಾಗಿಲು, ಬ್ಯಾಂಕಿನ ತಿಜೋರಿಗೆ ಇರುವಂಥದು. ಅದರಾಚೆ ಒಬ್ಬರು ಕೂರುವಷ್ಟೇ ಜಾಗದ ಪುಟ್ಟ ಕೋಣೆ, ನಾಲ್ಕೂ ಗೋಡೆಗೆ ಒತ್ತಾದ ಬೂದು ಬಣ್ಣದ ಸ್ಪಂಜು, ಎದುರಿಗೆ ಎರಡು ಪದರದ ಗಾಜಿನ ಕಿಟಕಿ. ಒಳಗೆ ಕಾಲಿಟ್ಟ ಕೂಡಲೇ ಅವನಿಗೆ ತಾನು ಯಾಕೆ ಬಂದಿದ್ದೇನೆ ಎಂಬುದು ಮರೆತೇಹೋಯಿತು. ಇಂಥ ಕೋಣೆಗಾಗಿ ಅವನು ಎಷ್ಟು ವರ್ಷ ಹಂಬಲಿಸಿದ್ದ! ಇದರ ಮುಂದೆ ತನ್ನ ಹಾಸಿಗೆಯ ಗೋಡೆಗಳು ಆಸ್ಪತ್ರೆಯ ವಾರ್ಡು. ಬೆರಳಿನಿಂದ ಗೋಡೆಯನ್ನು ತಟ್ಟಿದ, ಬಾಗಿಲಿನ ಅಂಚಿನ ರಬ್ಬರನ್ನು ಒತ್ತಿ ನೋಡಿದ, ಒಂದು ಸಲ ಚಪ್ಪಾಳೆ ಹೊಡೆದ. ಚಪ್ಪಾಳೆ ಹುಟ್ಟಿದಲ್ಲೇ ಸತ್ತಿತು. "ಏನಮ್ಮ ಇದು, ಎಲ್ಲಿ ಸಿಗುತ್ತೆ ಈ ಸ್ಪಂಜು? ಎಷ್ಟು ದಪ್ಪ?" ಎಂದು ಕೇಳಿದ. "ಗೊತ್ತಿಲ್ಲ ಸಾರ್, ಕೂತ್ಕೊಳಿ" ಎಂದಳು ಹುಡುಗಿ. "ಇಲ್ಲಿ ಯಾರಾದ್ರೂ ಹಾಡಿ ರೆಕಾರ್ಡ್ ಮಾಡಿದಾರಾ?" ಎಂದ. "ಇಲ್ಲ ಸಾರ್. ಇಲ್ಲಿ ಯಾರೂ ಹಾಡಲ್ಲ. ನೋಡಿ, ಈ ಹೆಡ್‌ಫೋನಲ್ಲಿ ಸಣ್ಣ ಸಣ್ಣ ದನಿ ಬರುತ್ತೆ. ಎಷ್ಟೇ ಸಣ್ಣಗೆ ಕೇಳಿದ್ರೂ ಬೆರಳೆತ್ತಿ. ಕೇಳದಿದ್ರೆ ಎತ್ತಬೇಡಿ. ಊಹೆ ಮಾಡ್ಬೇಡಿ." ಊಹೆ ಮಾಡಬೇಡಿ ಎಂದದ್ದು ಅವನಿಗೆ ಸ್ವಲ್ಪ ಚುಚ್ಚಿತು. ಅವಳು ಹೆಡ್‌ಫೋನನ್ನು ಅವನ ತಲೆಗೆ ಹಾಕಿ, ಮಗುವಿಗೆ ಟೋಪಿ ಹಾಕಿದ ಹಾಗೆ ಎರಡೂ ಕಡೆ ಸರಿಮಾಡಿ ಹೋದಳು. ಬಾಗಿಲು ಮುಚ್ಚಿತು.

ಗಾಜಿನಾಚೆ ಹುಡುಗಿ ಯಂತ್ರದ ಮುಂದೆ ಕೂತಳು. ಅವಳ ಹಿಂದೆ ಹೆಂಡತಿಯನ್ನೂ ಒಂದು ಸ್ಟೂಲಿನ ಮೇಲೆ ಕೂರಿಸಿದ್ದರು. ಅವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಸಾಮಾನು ಕೋಣೆಯಲ್ಲಿ ಅವತ್ತು ಅವನು ನಿಲ್ಲಿಸಿದಾಗ ಅವಳು ಅವನನ್ನು ನೋಡಿದ್ದ ಹಾಗೆಯೇ ನೋಡುತ್ತಿದ್ದಳು, ಈ ಸಲ ಒಳಗಿರುವವನು ಅವನು. ಹುಡುಗಿ ತಿರುಗಿ ಅವಳಿಗೆ ಏನೋ ಹೇಳಿದಳು. ಅವಳೂ ಏನೋ ಹೇಳಿದಳು. ತುಟಿಗಳು ಮಾತ್ರ ಆಡಿದವು. ಏನು ಹೇಳುತ್ತಿರಬಹುದು? ಹಾಡುಗಳ ವಿಷಯವೇ? ನಾಯಿಯ ವಿಷಯವೇ? ಪರೀಕ್ಷೆಯ ದಿನ ಶಾಲೆಯ ಬೆಂಚಿನಲ್ಲಿ ಕೂತವನಂತೆ ಅವನು ಕುರ್ಚಿಯ ಅಂಚಿಗೆ ಸರಿದ. ಒಂದೇ ಒಂದು ಬೇಡಿಕೆ ಅವನಿಗಿತ್ತು, ಯಾರಿಗೆ ಎಂದು ತಿಳಿಯದೆ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡ: ಕಣ್ಣು ಬೇಕಾದರೆ ಮಂಜಾಗಲಿ, ಮೊಣಕಾಲು ಹಿಡಿದುಕೊಳ್ಳಲಿ, ಉಳಿದ ಹಲ್ಲೂ ಹೋಗಲಿ, ಕಿವಿ ಮಾತ್ರ ಇರಲಿ. ಕಿವಿ ಹೋದರೆ ನಾಳೆ ಹಾಕಬೇಕಾದ ಒಂಬತ್ತು ಹಾಡುಗಳು ಒಂಬತ್ತು ಬ್ರೇಕುಗಳಾಗುತ್ತವೆ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ನೀನೇ ಕೇಳಿ ಸರಿಮಾಡಮ್ಮ ಎಂದು ತಾನು ಬಾಗಿಲ ಹತ್ತಿರ ನಿಲ್ಲಬೇಕಾಗುತ್ತದೆ. ಅವಳು ಮಾಡಿಯಾಳು, ಚೆನ್ನಾಗಿಯೇ ಮಾಡಿಯಾಳು, ಅದೇ ಭಯ. ಆಮೇಲೆ ತನಗೆ ಉಳಿಯುವುದು ಹಿತ್ತಾಳೆಯ ತೂಕಗಳು. ಕಣ್ಣು ಅರ್ಧ ಮುಚ್ಚಿದ. ತಲೆಯನ್ನು ಒಂದು ಕಡೆಗೆ ವಾಲಿಸಿದ. ಮೊದಲು ತನ್ನ ಉಸಿರು ಕೇಳಿಸಿತು, ಉಸಿರು ಬಿಗಿಹಿಡಿದ. ಆಮೇಲೆ ರಕ್ತದ ಗುಂಯ್‌ಗುಡುವಿಕೆ. ಅದನ್ನೂ ದಾಟಿ ಆಚೆ ಹೋದ. ಆಚೆ ಏನೂ ಇರಲಿಲ್ಲ. ಇಷ್ಟು ಪೂರ್ತಿಯಾದ ಮೌನವನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಆಗ ಅದು ಬಂತು. ಮೊದಲು ಇದೆಯೋ ಇಲ್ಲವೋ ಎನ್ನುವಂತೆ, ಆಮೇಲೆ ಖಂಡಿತವಾಗಿ. ತೆಳ್ಳನೆಯ, ಎತ್ತರದ, ಎಲ್ಲೂ ನಡುಗದ ಒಂದೇ ಸ್ವರ. ಎರಡು ವರ್ಷ ಗುಂಡಿ ತಿರುಗಿಸಿ ತಿರುಗಿಸಿ ಅವನು ಹುಡುಕಿದ ಮಿಂಚು ಇದೇ, ಒಂಬತ್ತು ಹಾಡುಗಳ ಮೇಲೂ ಇದನ್ನು ಒಂದು ಚಿಟಿಕೆ ಉದುರಿಸಬೇಕೆಂದೇ ಅವನು ಒದ್ದಾಡಿದ್ದು, ಇದು ಇಲ್ಲಿತ್ತು. ಇಷ್ಟು ಮೇಲಿನ ದನಿ ಮಗಳ ಟೀಚರಿಗೆ ಕೇಳಲಿ ನೋಡೋಣ! ಈ ಕಿವಿ ಸುಳ್ಳು ಹೇಳಲ್ಲ. ಅವನ ಕಣ್ಣು ಒದ್ದೆಯಾಯಿತು. ಹೆಂಡತಿಗೂ ಕಾಣಲಿ ಎಂದು ಬೆರಳನ್ನು ಗಾಜಿನೆದುರು ಎತ್ತರಕ್ಕೆ ಎತ್ತಿ, ಹಾಗೆಯೇ ಹಿಡಿದುಕೊಂಡ.

ಹೆಡ್‌ಫೋನಿನಲ್ಲಿ ಹುಡುಗಿಯ ದನಿ ಬಂತು. "ಸಾರ್, ಬೆರಳು ಇಳಿಸಿ. ನಾನಿನ್ನೂ ಶುರುನೇ ಮಾಡಿಲ್ಲ."

"ಇಲ್ಲಮ್ಮ, ಬರ್ತಾ ಇದೆ" ಎಂದ ಅವನು.

"ಮೈಕ್ ಮಾತ್ರ ಆನ್ ಇದೆ ಸಾರ್, ದನಿ ಒಂದೂ ಬಿಟ್ಟಿಲ್ಲ."

ಅವನು ಗಾಜಿನಾಚೆ ನೋಡಿದ. ಹೆಂಡತಿ ನಗುತ್ತಿದ್ದಾಳೆ ಎಂದುಕೊಂಡಿದ್ದ. ಅವಳು ನಗುತ್ತಿರಲಿಲ್ಲ. ಆ ಸ್ವರ ಮಾತ್ರ ಅವನ ಕಿವಿಯೊಳಗೇ ಒಂದು ಚೂರೂ ಮಂಕಾಗದೆ ಕೇಳಿಸುತ್ತಲೇ ಇತ್ತು, ಎತ್ತಿದ ಬೆರಳನ್ನು ಇಳಿಸಲು ಅವನಿಗೆ ಮನಸ್ಸು ಬರಲಿಲ್ಲ.